ಬರಿ ಬೋಗುಣಿ ಮರಳಿಸಬಾರದು

ನೆರೆಮನೆಯವರು ಹಬ್ಬದ ದಿನ ಹೋಳಿಗೆಯನ್ನೋ ಹುಗ್ಗಿಯನ್ನೋ ಬೋಗುಣಿಯಲ್ಲಿ ಹಾಕಿ ಕಳಿಸಿದರೆ, ಆ ಬೋಗುಣಿಯನ್ನು ತೊಳೆದು ಬರಿದೇ ಮರಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಮನೆಯಲ್ಲಿ ಏನೂ ಇರದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ, ನಾಲ್ಕು ಕಾಳು ಜೋಳವನ್ನಾದರೂ ಹಾಕಿ ಕೊಡುವುದು ಹಿರಿಯರಿಂದ ನಡೆದು ಬಂದ ಸಂಪ್ರದಾಯ. ಆ ಚಿಟಿಕೆ ಸಕ್ಕರೆಯಿಂದ ಹೋಳಿಗೆಯ ಋಣ ತೀರುವುದಿಲ್ಲ. ಕೊಟ್ಟವರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ನೀವು ಮಾಡಿದ್ದು ನಮಗೆ ನೆನಪಿದೆ’ ಎಂಬುದನ್ನು ಬಾಯಿಬಿಟ್ಟು ಹೇಳದೆ ಹೇಳುವ ಬಗೆ ಅದು.

ಸದ್ಭಕ್ತರೇ, ನಮ್ಮ ಜನರಿಗೆ ‘ಧನ್ಯವಾದ’ ಎಂಬ ಶಬ್ದ ಬಾಯಿಗೆ ಬರುವುದು ಕಷ್ಟ. ಸಭೆಯ ಕೊನೆಗೆ ವಂದನಾರ್ಪಣೆ ಮಾಡುವವರು ಅದನ್ನು ಪಟ್ಟಿ ಓದಿದಂತೆ ಓದುತ್ತಾರೆ. ಆ ಹೊತ್ತಿಗೆ ಅರ್ಧ ಜನ ಪ್ರಸಾದದ ಸಾಲಿಗೆ ಎದ್ದು ಹೋಗಿರುತ್ತಾರೆ. ಮನೆಯೊಳಗೆ ಮಗನು ತಾಯಿಗೆ ಧನ್ಯವಾದ ಎಂದರೆ, ‘ಯಾಕೋ ತಮ್ಮಾ, ಎಲ್ಲಿಗರೆ ಹೊಂಟೀಯೇನು?’ ಎಂದು ಆಕೆ ಗಾಬರಿಯಾದಾಳು. ದೊಡ್ಡ ಕಷ್ಟದಲ್ಲಿ ಕೈಹಿಡಿದವರಿಗೆ ‘ನಿಮ್ಮ ಋಣ ತೀರಿಸಲಾರೆ’ ಎನ್ನುತ್ತೇವೆ. ದಿನನಿತ್ಯದ ಸಣ್ಣ ಉಪಕಾರಗಳಿಗೆ ನಮ್ಮಲ್ಲಿ ಮಾತಿಲ್ಲ, ಬೋಗುಣಿಯ ಸಕ್ಕರೆ ಉಂಟು. ಇದನ್ನು ಕೊರತೆಯೆಂದು ನಾವು ಬಗೆಯುವುದಿಲ್ಲ. ಆದರೆ ಹೇಳಲು ನಾಚಿಕೆ, ಸಕ್ಕರೆ ಕಳಿಸೋಣವೆಂದರೆ ಅವರು ನೆರೆಮನೆಯಲ್ಲಿಲ್ಲ, ಹೀಗಾಗಿ ಎಷ್ಟೋ ಉಪಕಾರಗಳು ಹೇಳದೆಯೇ ಉಳಿದುಹೋಗುತ್ತವೆ. ಅಂಥದೊಂದು ಬಾಕಿ ನಮ್ಮದೂ ಇದೆ.

ನಾವು ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದ ಕಾಲದಲ್ಲಿ ಅಲ್ಲಿ ಅಡುಗೆ ಮಾಡುವ ಹಿರಿಯರೊಬ್ಬರಿದ್ದರು. ಹುಡುಗರೆಲ್ಲ ಅವರನ್ನು ‘ಮುತ್ಯಾ’ ಎಂದೇ ಕರೆಯುತ್ತಿದ್ದರು. ನಸುಕಿನಲ್ಲೆದ್ದು ಹಂಚಿನ ಮುಂದೆ ಕುಳಿತರೆ ಬಿಸಿಲೇರುವವರೆಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ನಮಗೆ ಜ್ವರ ಬಂದು ಎರಡು ವಾರ ಹಾಸಿಗೆ ಹಿಡಿದೆವು. ಹಳ್ಳ ತುಂಬಿ ಊರಿನ ದಾರಿ ಕಟ್ಟಿತ್ತು, ತಾಯಿ-ತಂದೆ ಬರುವಂತಿರಲಿಲ್ಲ. ಆ ಎರಡು ವಾರ ಮುತ್ಯಾ ತಮ್ಮ ಕೆಲಸವೆಲ್ಲ ಮುಗಿದ ಮೇಲೆ, ಜೋಳದ ನುಚ್ಚಿನ ಗಂಜಿ ಕಾಸಿ, ಉಪ್ಪಿನಕಾಯಿಯ ಒಂದು ಹೋಳು ಇಟ್ಟುಕೊಂಡು ಬಂದು, ನಾವು ಕುಡಿದು ಮುಗಿಸುವವರೆಗೆ ಗೋಡೆಗೊರಗಿ ಕುಳಿತಿರುತ್ತಿದ್ದರು. ಮಾತು ಬಹಳ ಆಡುತ್ತಿರಲಿಲ್ಲ.

ಮುಂದೆ ಓದು, ಸಂಸ್ಕಾರ, ಹೊಣೆಗಾರಿಕೆ ಎಂದು ನಾವು ಬೇರೆ ಬೇರೆ ಊರುಗಳಿಗೆ ಹೋದೆವು. ಅವರಿಗೊಂದು ಕಾಗದ ಬರೆಯಬೇಕೆಂದು ಪ್ರತಿ ಸಂಕ್ರಮಣಕ್ಕೂ ಅಂದುಕೊಂಡೆವು. ಅವರಿಗೆ ಓದಲು ಬಾರದು, ಬರೆದರೇನು ಪ್ರಯೋಜನ ಎಂಬ ನೆಪವೂ ಸಿಕ್ಕಿತು. ಹೀಗೆ ಇಪ್ಪತ್ತು ಸಂಕ್ರಮಣಗಳು ಕಳೆದವು. ಒಂದು ದಿನ ಅವರ ಮಗ ಮಠಕ್ಕೆ ಬಂದು, ‘ಅಜ್ಜಾರ, ನಮ್ಮಪ್ಪ ಹ್ವಾದರ್ರಿ’ ಎಂದರು. ಮಾತಿನ ನಡುವೆ ಅವರ ಟ್ರಂಕಿನ ವಿಷಯ ಬಂತು. ಅದರಲ್ಲಿ ಎರಡು ಧೋತರ, ಒಂದು ಟವೆಲು, ಲಿಂಗವಸ್ತ್ರ, ಅವುಗಳ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಕಾರ್ಡು. ಡ್ರಾಯಿಂಗ್ ಹಾಳೆಯನ್ನು ಎರಡಾಗಿ ಮಡಿಚಿ, ಅದರ ಮೇಲೆ ಬಣ್ಣದ ಪೆನ್ಸಿಲಿನಿಂದ ಒಲೆ, ಹಂಚು, ಹಂಚಿನ ಮುಂದೆ ಕುಳಿತ ಬಿಳಿ ಪಟಗದ ಮುದುಕನ ಚಿತ್ರ ಬರೆಯಲಾಗಿತ್ತು. ಯಾವನೋ ಒಬ್ಬ ವಿದ್ಯಾರ್ಥಿ ಯಾವ ವರ್ಷವೋ ಕಳಿಸಿದ್ದು. ಓದು ಬಾರದ ಮುತ್ಯಾ ಅದನ್ನು ಆಗಾಗ ತೆಗೆದು ನೋಡಿ, ಮತ್ತೆ ಸುತ್ತಿ ಇಡುತ್ತಿದ್ದರಂತೆ. ‘ಇದು ನೀವು ಕಳ್ಸಿದ್ದೇನ್ರಿ ಅಜ್ಜಾರ?’ ಎಂದು ಮಗ ಕೇಳಿದರು. ಅಲ್ಲ ಎಂದು ಹೇಳಬೇಕಾಯಿತು.

ಹೀಗಾಗಿ ಈ ವಾರ ನಾವು ಶಾಸ್ತ್ರ ಸಿದ್ಧಾಂತಗಳನ್ನು ಬದಿಗಿಟ್ಟು, ಕೈಯಾರೆ ಮಾಡಿ ಕಳಿಸುವ ಶುಭಾಶಯ ಪತ್ರದ ಬಗೆಗೆ ಬರೆಯುತ್ತಿದ್ದೇವೆ. ಇದು ಮಕ್ಕಳಾಟವೆಂದು ಹಿರಿಯರು ಪತ್ರಿಕೆಯ ಪುಟ ತಿರುವಬಾರದು.

ಉತ್ತರ ಕರ್ನಾಟಕದ ಹಿರಿಯರಿಗೆ ಇದು ಹೊಸದೂ ಅಲ್ಲ. ಫೋನು ಮನೆಮನೆಗೆ ಬರುವ ಮುನ್ನ, ಸಂಕ್ರಮಣ ಹತ್ತಿರವಾದಂತೆ ನಮ್ಮ ಪೇಟೆಯ ಅಂಗಡಿಗಳಲ್ಲಿ ದಾರಕ್ಕೆ ಪೋಣಿಸಿದ ಶುಭಾಶಯ ಪತ್ರಗಳು ತೂಗಾಡುತ್ತಿದ್ದವು. ಕೊಳ್ಳಲು ಕಾಸಿಲ್ಲದ ಹುಡುಗರು ಡ್ರಾಯಿಂಗ್ ಹಾಳೆ ತಂದು ತಾವೇ ಮಾಡುತ್ತಿದ್ದರು. ಕಬ್ಬಿನ ಜಲ್ಲೆ, ಗಾಳಿಪಟ, ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯ, ಒಳಗೆ ಎರಡು ಸಾಲು ಪ್ರಾಸ. ಲಕೋಟೆಯಲ್ಲಿ ಸಣ್ಣ ಪೊಟ್ಟಣ ಕಟ್ಟಿ ಕುಸುರೆಳ್ಳನ್ನೂ ಇಡುತ್ತಿದ್ದರು. ಅಂಚೆ ಕಚೇರಿಯ ಮುದ್ರೆಯ ಏಟಿಗೆ ಅದರಲ್ಲಿ ಅರ್ಧ ಪುಡಿಯಾಗುತ್ತಿತ್ತು. ಎಷ್ಟೋ ಸಲ ಅಂಚೆಯಣ್ಣನಿಗಿಂತ ಮೊದಲು ಇರುವೆ ಮುಟ್ಟಿರುತ್ತಿತ್ತು. ಆದರೂ ‘ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲಧಾಂಗ ಇರೋಣ’ ಎಂಬ ಮಾತು ದೂರದ ಊರಿನ ಸೋದರತ್ತೆಗೆ ಮುಟ್ಟುತ್ತಿತ್ತು.

ಕುಸುರೆಳ್ಳು ಮಾಡುವುದನ್ನು ಕಂಡ ತಾಯಂದಿರಿಗೆ ಗೊತ್ತು. ಸಣ್ಣ ಕೆಂಡದ ಮೇಲೆ ಅಗಲ ಪಾತ್ರೆ ಇಟ್ಟು, ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಚಮಚೆ ಚಮಚೆಯಾಗಿ ಹಾಕುತ್ತ, ಬೆರಳುಗಳಿಂದ ಆಡಿಸುತ್ತಲೇ ಇರಬೇಕು. ಉರಿ ಹೆಚ್ಚಾದರೆ ಪಾಕ ಕೆಂಪಾಗುತ್ತದೆ, ಅವಸರ ಮಾಡಿದರೆ ಮುಳ್ಳು ಏಳುವುದಿಲ್ಲ. ದಿನಗಟ್ಟಲೆ ಕುಳಿತ ಮೇಲೆ ಅಂಗೈಯಲ್ಲಿ ಹಿಡಿಸುವಷ್ಟು ಎಳ್ಳಿಗೆ ಬಿಳಿ ಮುಳ್ಳುಗಳು ಮೂಡುತ್ತವೆ. ಕೈಯಿಂದ ಮಾಡಿದ್ದರ ಬೆಲೆ ಅದರಲ್ಲಿ ಖರ್ಚಾದ ಹೊತ್ತಿನಲ್ಲಿರುತ್ತದೆ.

ಇಲ್ಲಿ ಒಂದು ಸ್ವಾರಸ್ಯವುಂಟು. ಅಚ್ಚು ಹಾಕಿದ ಕ್ರಿಸ್‌ಮಸ್ ಶುಭಾಶಯ ಪತ್ರ ಮೊದಲು ಹುಟ್ಟಿದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಬಂಧು ಮಿತ್ರರಿಗೆಲ್ಲ ಕಾಗದ ಬರೆಯಲು ಪುರುಸೊತ್ತಿರಲಿಲ್ಲ. ಜಾನ್ ಹಾರ್ಸ್ಲೀ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ, ಸುಮಾರು 1000 ಪ್ರತಿ ಅಚ್ಚು ಹಾಕಿಸಿದರು. ಕೈಗೆ ಹೊತ್ತಿಲ್ಲದ್ದಕ್ಕೆ ಅಚ್ಚು ಬಂತು. ಇಂದು ಮೊಬೈಲಿನಲ್ಲಿ ಬೆಳಗಿನ ಐದು ಗಂಟೆಗೇ ಒಂದೇ ಹೂವಿನ ಚಿತ್ರ ನೂರು ಜನರಿಂದ ಬರುತ್ತದಲ್ಲ, ಅದೂ ಆ ವಂಶದ್ದೇ. ನಾವು ಮೊಬೈಲನ್ನು ಹಳಿಯುವುದಿಲ್ಲ. ದೂರದಲ್ಲಿರುವ ಮಕ್ಕಳ ಧ್ವನಿಯನ್ನು ದಿನವೂ ಕೇಳಿಸುವ ಉಪಕಾರ ಅದರದು. ಟ್ರಂಕಿನಲ್ಲಿ ಮಾತ್ರ ಅದು ಉಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಹಳ್ಳಿಗಳು ಹಾಳು ಬಿದ್ದಿದ್ದವು. 1946ರಲ್ಲಿ ಸ್ಥಾಪನೆಯಾದ, ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ ಅಲ್ಲಿಯ ಮಕ್ಕಳಿಗೆ ನೆರವು ಕಳಿಸಿತು. ಚೆಕೊಸ್ಲೊವಾಕಿಯಾದ ಒಂದು ಹಳ್ಳಿಯಲ್ಲಿ ಜಿಟ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಹುಡುಗಿ ಆ ನೆರವಿಗೆ ಕೃತಜ್ಞತೆಯಾಗಿ ಒಂದು ಚಿತ್ರ ಬರೆದಳು. ಕಾಗದ ಸಿಗದ ಕಾಲವಾದ್ದರಿಂದ ಗಾಜಿನ ತುಂಡಿನ ಮೇಲೆ ಬರೆದಳು. ಕಂಬವೊಂದರ ಸುತ್ತ ಹುಡುಗಿಯರು ಕುಣಿಯುತ್ತಿರುವ ಚಿತ್ರ ಅದು; ನಮ್ಮ ಜಡೆ ಕೋಲಾಟವನ್ನು ನೆನಪಿಗೆ ತರುತ್ತದೆ. 1949ರಲ್ಲಿ ಅದನ್ನೇ ಯುನಿಸೆಫ್ ತನ್ನ ಮೊದಲ ಶುಭಾಶಯ ಪತ್ರವನ್ನಾಗಿ ಮಾಡಿಕೊಂಡಿತು. ಅಂಥ ಪತ್ರಗಳ ಮಾರಾಟದಿಂದ ಮುಂದೆ ದಶಕಗಳ ಕಾಲ ಮಕ್ಕಳ ಸಲುವಾಗಿ ಹಣ ಕೂಡಿತು. ಕಾಗದವಿಲ್ಲ ಎಂಬ ನೆಪ ಆ ಮಗುವಿಗೂ ಇತ್ತಲ್ಲವೇ?

ನಮಗಂತೂ ಕಾಗದದ ಕೊರತೆಯಿಲ್ಲ. ಪ್ರತಿಯೊಂದು ಮನೆಯಲ್ಲೂ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇರುತ್ತದೆ. ದೇವರ ಚಿತ್ರ ಇರುವುದರಿಂದ ಕಸಕ್ಕೆ ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡರೆ ಜಾಗ ಸಾಲದು. ದಪ್ಪ ಕಾಗದ, ಒಂದು ಮಗ್ಗುಲು ಬಹುತೇಕ ಖಾಲಿ. ಅಕ್ಷರ ಇದ್ದ ಭಾಗವನ್ನು ಕತ್ತರಿಸಿ, ಖಾಲಿ ಭಾಗವನ್ನು ಮಡಿಚಿದರೆ ಕಾರ್ಡು ಸಿದ್ಧ. ಗಾಂಧೀಜಿಯವರು ತಮಗೆ ಬಂದ ಪತ್ರಗಳ ಹಿಂಬದಿಯಲ್ಲೂ ಬಿಚ್ಚಿದ ಲಕೋಟೆಗಳ ಒಳಮೈಯಲ್ಲೂ ಬರೆಯುತ್ತಿದ್ದರು. ಬಲಗೈ ದಣಿದರೆ ಎಡಗೈಯಿಂದ ಬರೆಯುತ್ತಿದ್ದರು. ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಸಾಕು. ಜಾಲಿಯ ಅಂಟನ್ನು ರಾತ್ರಿ ನೆನೆಯಿಟ್ಟರೂ ಆದೀತು.

ಚಿತ್ರ ಬರೆಯಲು ಬಾರದೆಂದು ಹಿಂಜರಿಯುವವರಿಗೆ ಅರಳಿ ಮರವಿದೆ. ಬಲಿತ ಎಲೆಗಳನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಯಿಟ್ಟು, ಆಗಾಗ ನೀರು ಬದಲಿಸುತ್ತಿರಬೇಕು. (ಪಾತ್ರೆಯನ್ನು ಮನೆಯ ಹೊರಗಿಡುವುದು ಲೇಸು, ವಾಸನೆಗೆ ಸೊಸೆಯಂದಿರು ಮುನಿದಾರು.) ಹಸಿರು ತಿರುಳು ಕೊಳೆತು ಮೆತ್ತಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದರೆ ಅದು ಉದುರಿ, ಸೀರೆಯ ಜಾಲರಿಯಂಥ ನರಗಳು ಮಾತ್ರ ಉಳಿಯುತ್ತವೆ. ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿ, ಕಾರ್ಡಿನ ಮೇಲೆ ಅಂಟಿಸಿದರೆ ಅದಕ್ಕಿಂತ ಚೆಲುವಾದ ಚಿತ್ರ ಬೇಕಿಲ್ಲ. ಕಸೂತಿ ಬಲ್ಲ ತಾಯಂದಿರು ಚೌಕುಳಿ ಹಾಳೆಯ ಮೇಲೆ ಗೋಪುರವನ್ನೋ ಆನೆ-ಅಂಬಾರಿಯನ್ನೋ ಬಣ್ಣದ ಪೆನ್ನಿನಿಂದ ಮೂಡಿಸಬಹುದು. ನೂಲು ಎಣಿಸಿ ಹೊಲಿದ ಕೈಗೆ ಚೌಕ ಎಣಿಸುವುದು ದೊಡ್ಡದಲ್ಲ.

ಕಾರ್ಡು ಮಾಡುವುದಕ್ಕಿಂತ ಒಳಗೇನು ಬರೆಯಬೇಕೆಂಬುದೇ ಕಷ್ಟ. ‘ನಿಮ್ಮ ಉಪಕಾರಕ್ಕೆ ಚಿರಋಣಿ’ ಎಂಬುದು ಅಚ್ಚಿನ ಮಾತು; ಅದನ್ನು ಯಾರಿಗಾದರೂ ಬರೆಯಬಹುದು, ಆದ್ದರಿಂದ ಅದು ಯಾರಿಗೂ ಮುಟ್ಟುವುದಿಲ್ಲ. ಯಾವ ದಿನ, ಯಾವ ಕೆಲಸ ಎಂಬುದನ್ನು ಹೆಸರಿಸಬೇಕು. ನಮ್ಮ ಭಕ್ತರಲ್ಲೊಬ್ಬ ಹಿರಿಯ ತಾಯಿ ವಿದ್ಯುತ್ ಇಲಾಖೆಯ ಲೈನ್‌ಮನ್‌ಗೆ ಮೊಮ್ಮಗಳಿಂದ ಬರೆಯಿಸಿದ್ದು ಹೀಗಿತ್ತು: ‘ಶ್ರಾವಣದ ಮಳೆಯಾಗ ನೀ ಕಂಬ ಏರಿ ತಂತಿ ಜೋಡಿಸಿದ ರಾತ್ರಿ ನಮ್ಮ ಮನ್ಯಾಗ ಮೂರು ದಿನದ ಬಾಣಂತಿ ಇದ್ದಳಪ್ಪ. ಕೂಸು ಈಗ ಅಂಬೆಗಾಲು ಇಡತೈತಿ.’ ಅಷ್ಟೇ. ಆ ಲೈನ್‌ಮನ್‌ಗೆ ಆ ರಾತ್ರಿ ಹತ್ತಿದ ಹಲವು ಕಂಬಗಳಲ್ಲಿ ಅದೂ ಒಂದಾಗಿತ್ತು. ಕೆಳಗಿನ ಮನೆಯಲ್ಲಿ ಯಾರಿದ್ದರೆಂಬುದು ಆ ಕಾರ್ಡು ಬರುವವರೆಗೆ ಅವನಿಗೆ ತಿಳಿದಿರಲಿಲ್ಲ. ಅಂಗನವಾಡಿಯ ಕಾರ್ಯಕರ್ತೆ, ಬಾವಿ ಬತ್ತಿದಾಗ ನೀರು ಕೊಟ್ಟ ಹೊಲದವರು, ನಡುರಾತ್ರಿ ಆಕಳಿನ ಹೆರಿಗೆಗೆ ಬಂದ ದನದ ಡಾಕ್ಟರು, ಹೀಗೆ ಎಣಿಸುತ್ತ ಹೋದರೆ ಪ್ರತಿಯೊಬ್ಬರಿಗೂ ಐದಾರು ಹೆಸರು ಸಿಕ್ಕಾವು.

ಸೋತವರಿಗೆ ಬರೆಯುವುದು ಇದಕ್ಕಿಂತ ಸೂಕ್ಷ್ಮ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪಾಸಾದವರ ಮನೆಗೆ ಪೇಢೆ ಹಿಡಿದು ಊರೆಲ್ಲ ಹೋಗುತ್ತದೆ. ನಪಾಸಾದ ಮಗುವಿನ ಮನೆಯ ಕದ ಮುಚ್ಚಿರುತ್ತದೆ. ಅಲ್ಲಿ ಆ ರಾತ್ರಿ ಏನಾದೀತೋ ಎಂಬ ಹೆದರಿಕೆ ತಾಯಿಯೊಬ್ಬಳಿಗೇ ಗೊತ್ತು. ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ನಿವೃತ್ತ ಶಾಲಾ ಜವಾನರೊಬ್ಬರಿದ್ದಾರೆ. ಫಲಿತಾಂಶದ ದಿನ ಅವರು ಶಾಲೆಗೆ ಹೋಗಿ ನಪಾಸಾದವರ ಹೆಸರು ಕೇಳಿಕೊಂಡು ಬಂದು, ಲಗ್ನಪತ್ರಿಕೆಯ ಕಾರ್ಡುಗಳ ಮೇಲೆ ಒಂದೊಂದು ಬೇವಿನ ಎಲೆಯನ್ನು ಅಂಟಿಸಿ, ನಡುಗುವ ಅಕ್ಷರದಲ್ಲಿ ಒಂದೇ ಮಾತು ಬರೆಯುತ್ತಾರೆ: ‘ನಾನೂ ಮುಲ್ಕಿ ಪರೀಕ್ಷೆದಾಗ ಒಮ್ಮೆ ನಪಾಸಾದಾವ. ನಾಳೆ ಮುಂಜಾನೆ ಮನಿಗೆ ಬಾ, ಚಹಾ ಕುಡಿಯೋಣು.’ ಅದನ್ನು ಅಂಚೆಗೆ ಹಾಕುವುದಿಲ್ಲ. ಸಂಜೆಯೊಳಗೆ ತಾವೇ ಕದ ತಟ್ಟಿ ಮಗುವಿನ ಕೈಗೇ ಕೊಡುತ್ತಾರೆ.

ಅವರನ್ನು ನಾವು ಕೇಳಿದೆವು: ಬುದ್ಧಿಮಾತು ನಾಲ್ಕು ಬರೆಯಬಾರದೇ? ‘ಬುದ್ಧಿ ಹೇಳಾಕ ಊರಾಗ ಭಾಳ ಮಂದಿ ಅದಾರ್ರಿ ಅಜ್ಜಾರ. ನಪಾಸಾದೀನಿ ಅಂತ ಹೇಳಾವ್ರು ಯಾರೂ ಇಲ್ಲ’ ಎಂದರು. ಪ್ರವಚನ ಹೇಳುವ ನಮಗೇ ಅದು ತಗುಲಿತು. ಬರುವ ಮಕ್ಕಳು ಚಹಾ ಕುಡಿಯುತ್ತಾರೆ, ಮರುಪರೀಕ್ಷೆಯ ಅರ್ಜಿಯ ಮಾತಾಗುತ್ತದೆ. ಕೆಲವರು ಆ ಕಾರ್ಡನ್ನು ಪುಸ್ತಕದಲ್ಲಿಟ್ಟುಕೊಂಡು ಹೋಗಿ ಬರೆದಿದ್ದಾರೆ. ಬಾರದ ಮಕ್ಕಳ ಮನೆಗೆ ಮರುದಿನ ಅವರೇ ಮತ್ತೆ ಹೋಗುತ್ತಾರೆ.

ಅಂಚೆಯಲ್ಲಿ ಕಳಿಸುವವರಿಗೆ ಎರಡು ಮಾತು. ಎಲೆ, ಅಂಟು, ಬಟ್ಟೆ ಎಂದು ಹೇರುತ್ತ ಹೋದರೆ ತೂಕ 20 ಗ್ರಾಂ ಮೀರುತ್ತದೆ. ಕಚೇರಿಯಲ್ಲಿ ತೂಗಿಸಿ ಚೀಟಿ ಹಚ್ಚಿರಿ. ಚೀಟಿ ಕಡಿಮೆಯಾದರೆ ಉಪಕಾರ ಮಾಡಿದವರೇ ದಂಡ ತೆತ್ತು ಬಿಡಿಸಿಕೊಳ್ಳಬೇಕಾದೀತು. ವಿಳಾಸದ ಕೊನೆಗೆ ಆರು ಅಂಕಿಯ ಪಿನ್‌ಕೋಡ್ ಮರೆಯಬೇಡಿರಿ. 1972ರಲ್ಲಿ ಅದು ಜಾರಿಗೆ ಬಂದರೂ ನಮ್ಮ ಹಿರಿಯರು ಇನ್ನೂ ‘ಬಸ್ ನಿಲ್ದಾಣದ ಹಿಂದೆ’ ಎಂದೇ ಬರೆಯುತ್ತಾರೆ.

ಮುತ್ಯಾರ ಮಗನಿಗೆ ನಾವೂ ಒಂದು ಕಾರ್ಡು ಮಾಡಿದೆವು. ಕೈ ಪಳಗಿದ್ದಲ್ಲ. ಹಂಚು ಬರೆಯಲು ಹೋದರೆ ಹುಣ್ಣಿಮೆಯ ಚಂದ್ರನಾಯಿತು, ರೊಟ್ಟಿ ಅದರ ಮೇಲಿನ ಕಲೆಯಾಯಿತು. ನಿಲಯದ ಹುಡುಗನೊಬ್ಬ ಇಣುಕಿ ನೋಡಿ, ‘ಅಜ್ಜಾರ, ಇದೇನ್ರಿ?’ ಎಂದ. ಕೊನೆಗೆ ಕೆಳಗೆ ‘ಇದು ಹಂಚು’ ಎಂದು ಬರೆದು, ಆ ಎರಡು ವಾರದ ಗಂಜಿಯ ಸಂಗತಿಯನ್ನೆಲ್ಲ ಒಳಗೆ ಬರೆದೆವು. ಜಾಗ ಸಾಲದೆ ಹಿಂಬದಿಗೂ ಹರಿಯಿತು. ಸೋಮವಾರದ ಅಂಚೆಗೆ ಹಾಕಿದ್ದೇವೆ.