ಆಸನ ಇದ್ದಷ್ಟು ಕಾಲು ಚಾಚು

ನಮ್ಮ ಅಮ್ಮನಿಗೆ ಈಗ ಎಪ್ಪತ್ತನಾಲ್ಕು ವರ್ಷ. ವಾಸ ಅರಸೀಕೆರೆಯಲ್ಲಿ. ಮಗ ಸಿಂಗಪುರದ ಟ್ಯಾಂಪಿನೀಸಿನಲ್ಲಿ; ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ. ಹೀಗೆ ಭೂಮಿಯ ಎರಡು ಕಡೆಗೆ ಮಕ್ಕಳನ್ನು ಕಳಿಸಿ ನಡುವೆ ತಾವು ಕುಳಿತಿರುವ ತಾಯಂದಿರು ನಮ್ಮ ಸಂಘದ ಎಷ್ಟೋ ಮನೆಗಳಲ್ಲಿದ್ದಾರೆ. ಆದ್ದರಿಂದ ಈ ಲೇಖನದಲ್ಲಿ ನಮ್ಮ ಮನೆಯ ಮಾತು ಸ್ವಲ್ಪ ಹೆಚ್ಚಾಗಿ ಬಂದರೆ ಓದುಗರು ತಮ್ಮ ಮನೆಯದೆಂದೇ ಭಾವಿಸಿ ಮನ್ನಿಸಬೇಕು.

2019ರಲ್ಲಿ ತಂಗಿಯ ಮೊದಲ ಬಾಣಂತನಕ್ಕೆಂದು ಅಮ್ಮ ಬೆಂಗಳೂರಿನಿಂದ ಒಬ್ಬರೇ ಹೋದರು. ನಡುದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸಬೇಕು. ಟಿಕೆಟ್ಟು ಕೊಂಡವನು ನಾನೇ. ಎಲ್ಲಕ್ಕಿಂತ ಅಗ್ಗದ್ದನ್ನು ಹುಡುಕಿ ತೆಗೆದೆನೆಂದು ಆಗ ಹೆಮ್ಮೆಯನ್ನೂ ಪಟ್ಟಿದ್ದೆ. ಮೂರು ಸೀಟಿನ ಸಾಲಿನಲ್ಲಿ ನಡುವಿನದು ಅವರ ಪಾಲಿಗೆ ಬಂತು. ಪಕ್ಕದವರನ್ನು ಎಬ್ಬಿಸಲು ಸಂಕೋಚ; ಎಬ್ಬಿಸಬೇಕಾಗಿ ಬಂದೀತೆಂದು ನೀರನ್ನೇ ಕುಡಿಯಲಿಲ್ಲ. ಇಳಿಯುವ ಹೊತ್ತಿಗೆ ಪಾದಗಳು ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ. ಚಪ್ಪಲಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬರೀ ಕಾಲುಚೀಲದಲ್ಲೇ ನಡೆದು ಹೊರಬಂದರಂತೆ. ‘ಯಾಕಮ್ಮಾ?’ ಎಂದು ತಂಗಿ ಕೇಳಿದ್ದಕ್ಕೆ, ‘ನೆಲ ತಣ್ಣಗಿತ್ತು ಕಣೇ, ಹಿತವಾಗಿತ್ತು’ ಎಂದರಂತೆ. ನಿಜ ಸಂಗತಿ ನಮಗೆ ಗೊತ್ತಾದದ್ದು ವರ್ಷದ ಮೇಲೆ. ಅದೂ ಅವರು ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನಮ್ಮ ಕಿವಿಗೆ ಬಿದ್ದು.

ಕಳೆದ ವರ್ಷ ತಂಗಿಗೆ ಎರಡನೆಯ ಮಗುವಾಗುವುದಿತ್ತು. ಅಮ್ಮ ಮೊದಲು ನಮ್ಮಲ್ಲಿಗೆ ಬಂದು ಎರಡು ತಿಂಗಳಿದ್ದು, ಜೂನಿನಲ್ಲಿ ಇಲ್ಲಿಂದಲೇ ಅಲ್ಲಿಗೆ ಹೊರಡುವುದೆಂದು ತೀರ್ಮಾನವಾಯಿತು. ಜೊತೆಗೆ ನಾನು. ಈ ಸಲ ‘ಪ್ರೀಮಿಯಂ ಎಕಾನಮಿ’ಯಲ್ಲಿ ಹೋಗೋಣವೆಂದು ಬಾಯಿ ತೆರೆದೆ. ‘ಅಂದರೇನು?’ ಎಂದರು. ಹೇಳಿದೆ. ‘ಎಷ್ಟು?’ ಎಂದರು. ಅದನ್ನೂ ಹೇಳಿದೆ, ಹೇಳಬಾರದಿತ್ತು. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೋ’ ಎಂದು ತೀರ್ಪು ಕೊಟ್ಟು ಅಡುಗೆಮನೆಗೆ ಹೋದರು.

ಈ ದರ್ಜೆಯ ಪರಿಚಯವಿಲ್ಲದವರಿಗಾಗಿ ಇಲ್ಲಿ ಎರಡು ಮಾತು. ನಮ್ಮ ಊರುಗಳ ಟೆಂಟ್ ಸಿನಿಮಾ ನೆನಪಿರುವವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಅಲ್ಲಿದ್ದದ್ದು ಮೂರು ದರ್ಜೆ: ನೆಲ, ಬೆಂಚು, ಕುರ್ಚಿ. ವಿಮಾನದಲ್ಲಿ ಎಕಾನಮಿಯೇ ನೆಲ, ಬಿಸಿನೆಸ್ ಕ್ಲಾಸೇ ಕುರ್ಚಿ. 1970ರ ದಶಕದ ಕೊನೆಗೆ, ಪೂರ್ತಿ ದರ ತೆತ್ತ ವ್ಯಾಪಾರಸ್ಥರೂ ರಿಯಾಯಿತಿ ಟಿಕೆಟ್ಟಿನ ಪ್ರವಾಸಿಗಳೂ ಒಂದೇ ಸಾಲಿನಲ್ಲಿ ಕೂರಬೇಕಾಗಿ ಬಂದು ಮೊದಲಿನವರು ಗೊಣಗತೊಡಗಿದರು. ಅವರಿಗಾಗಿ ಬೇರೆ ಮಾಡಿದ ವಿಭಾಗವೇ ಬಿಸಿನೆಸ್ ಕ್ಲಾಸ್. ಮೊದಲಿಗೆ ಅದು ಬೆಂಚೇ ಆಗಿತ್ತು. ಬರಬರುತ್ತ ಅದರ ಆಸನ ಉದ್ದವಾಗಿ ಮಂಚವೇ ಆಯಿತು. ಬೆಲೆಯೂ ಹಾಗೇ ಏರಿತು. ಹೀಗೆ ಬೆಂಚಿನ ಜಾಗ ಖಾಲಿಯಾಯಿತು. ಅದನ್ನು ತುಂಬಲು 1990ರ ದಶಕದ ಆರಂಭದಲ್ಲಿ ತೈವಾನಿನ ಇವಿಎ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಕಂಪನಿಗಳು ಈ ನಡುವಿನ ದರ್ಜೆಯನ್ನು ತಂದವು. ನಮ್ಮ ಸಿಂಗಪುರ್ ಏರ್‌ಲೈನ್ಸ್ ಇದನ್ನು ಆರಂಭಿಸಿದ್ದು 2015ರ ಆಗಸ್ಟಿನಲ್ಲಿ, ಸಿಡ್ನಿಯ ದಾರಿಯಲ್ಲಿ. ಭಾರತದಲ್ಲಿ ಮೊದಲು ತಂದದ್ದು ಅದೇ ವರ್ಷ ಹಾರಾಟ ತೊಡಗಿದ ವಿಸ್ತಾರ ಕಂಪನಿ. ಅದು 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು.

ಹೆಚ್ಚಿನ ಹಣಕ್ಕೆ ಸಿಗುವುದೇನು? ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ ಇರುವ ಅಂತರ ಸಾಮಾನ್ಯವಾಗಿ 31 ಅಥವಾ 32 ಇಂಚು. ಪ್ರೀಮಿಯಂ ಎಕಾನಮಿಯಲ್ಲಿ 38. ಅಗಲ ಒಂದಿಂಚು ಹೆಚ್ಚು. ಬೆನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಬಾಗುತ್ತದೆ; ಮೀನಖಂಡಕ್ಕೆ ಆನಿಕೆಯಿರುತ್ತದೆ. ದರ ಮಾತ್ರ ಎಕಾನಮಿಯ ಒಂದೂವರೆ ಪಾಲು, ಕೆಲವು ವೇಳೆ ಎರಡು ಪಾಲು. ಲೆಕ್ಕ ಹಾಕಿದರೆ ನಾವು ಕೊಳ್ಳುವುದು ಆರು ಇಂಚು. ಒಂದು ಗೇಣೂ ಅಲ್ಲ.

ಇದನ್ನು ಅಮ್ಮನಿಗೆ ಬಾಯಲ್ಲಿ ಹೇಳಿ ಒಪ್ಪಿಸಲಾಗಲಿಲ್ಲ. ಆದರೆ ಅವರು ಹೊಲಿಗೆ ಬಲ್ಲವರು. ಎಲ್ಲಿಗೆ ಹೋದರೂ ಅಳತೆಯ ಟೇಪು ಅವರ ಚೀಲದಲ್ಲಿರುತ್ತದೆ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಊಟದ ಮೇಜಿನ ಎರಡು ಕುರ್ಚಿಗಳನ್ನು ಒಂದರ ಹಿಂದೊಂದು ಹಾಕಿ, ಬೆನ್ನಿಂದ ಬೆನ್ನಿಗೆ ಸರಿಯಾಗಿ 32 ಇಂಚು ಅಳೆದು ಹಿಂದಿನದರಲ್ಲಿ ಅವರನ್ನು ಕೂರಿಸಿದೆ. ಮೊಣಕಾಲು ಮುಂದಿನ ಕುರ್ಚಿಯ ಹತ್ತಿರ ಬಂತು. ‘ಸರಿಯಾಗೇ ಇದೆಯಲ್ಲೋ’ ಎಂದರು. ‘ಈಗ ಮುಂದಿನವನು ತನ್ನ ಬೆನ್ನು ಹಿಂದಕ್ಕೆ ಬಾಗಿಸುತ್ತಾನೆ’ ಎಂದು ಆ ಕುರ್ಚಿಯನ್ನು ಓರೆ ಮಾಡಿದೆ. ಸುಮ್ಮನಾದರು. ಆಮೇಲೆ ಅದನ್ನು 38 ಇಂಚಿಗೆ ಸರಿಸಿದೆ. ಅಮ್ಮ ಮೆಲ್ಲನೆ ಒಂದು ಕಾಲನ್ನು ನೀಡಿದರು. ಪಾದವನ್ನು ಸುತ್ತಲೂ ತಿರುಗಿಸಿದರು. ಮತ್ತೆ ಇನ್ನೊಂದು ಕಾಲು. ಆ ಹತ್ತು ನಿಮಿಷದಲ್ಲಿ, ಅದೇ ಮೊದಲ ಸಲ, 2019ರ ಪ್ರಯಾಣದ ಕಥೆಯನ್ನು ಅವರೇ ನನಗೆ ಹೇಳಿದರು. ಹೇಳಿ ಮುಗಿಸಿ, ‘ಆದರೂ ಅಷ್ಟು ದುಡ್ಡು ಬೇಡಪ್ಪ’ ಎಂದು ಎದ್ದರು.

ಆಗ ನನಗೆ ನೆನಪಾದದ್ದು ನ್ಯೂವಾರ್ಕಿನ ನೇರ ವಿಮಾನ. ಚಾಂಗಿಯಿಂದ ನ್ಯೂವಾರ್ಕಿಗೆ ಸುಮಾರು 15,300 ಕಿಲೋಮೀಟರು. ಹದಿನೆಂಟು ಹದಿನೆಂಟೂವರೆ ಗಂಟೆಯ ಹಾರಾಟ. ಸಿಂಗಪುರ್ ಏರ್‌ಲೈನ್ಸ್ ಇದನ್ನು ಮೊದಲು ಹಾರಿಸಿದ್ದು 2004ರಲ್ಲಿ. ನಾಲ್ಕು ಎಂಜಿನ್ನಿನ ವಿಮಾನ. ಇಂಧನದ ಖರ್ಚು ತಾಳಲಾರದೆ 2013ರಲ್ಲಿ ನಿಂತಿತು. ಎರಡೇ ಎಂಜಿನ್ನಿನ ಏರ್‌ಬಸ್ ಎ350ರ ದೂರಗಾಮಿ ಮಾದರಿ ಬಂದ ಮೇಲೆ 2018ರ ಅಕ್ಟೋಬರಿನಲ್ಲಿ ಮತ್ತೆ ಶುರುವಾಯಿತು. ಈ ವಿಮಾನ 1,65,000 ಲೀಟರು ಇಂಧನ ಹೊರಬಲ್ಲದು. ಅಷ್ಟು ದೂರ ಹೋಗಬೇಕಾದರೆ ಮೊದಲ ಅರ್ಧ ದಾರಿಯ ಇಂಧನದಲ್ಲಿ ಒಳ್ಳೆಯ ಪಾಲು, ಉಳಿದರ್ಧ ದಾರಿಯ ಇಂಧನವನ್ನು ಹೊರುವುದಕ್ಕೇ ಉರಿದುಹೋಗುತ್ತದೆ. ಆದ್ದರಿಂದ ಜನರನ್ನು ಕಡಿಮೆ ಮಾಡಲೇಬೇಕು. ಆ ಕಂಪನಿಯ ಮಾಮೂಲಿ ದೂರಪ್ರಯಾಣದ ಎ350ರಲ್ಲಿ 253 ಸೀಟುಗಳಿದ್ದರೆ ಇದರಲ್ಲಿ ಇಟ್ಟದ್ದು 161: ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94. ಎಕಾನಮಿ ಎಂಬುದೇ ಇಲ್ಲ! ಟೆಂಟಿನಲ್ಲಿ ನೆಲವನ್ನೇ ತೆಗೆದುಹಾಕಿ ಬೆಂಚಿನಿಂದ ಶುರು ಮಾಡಿದ ಹಾಗೆ.

‘ಅಮ್ಮಾ, ನೋಡು. ಈ ವಿಮಾನದಲ್ಲಿ ಇರೋದರಲ್ಲೆಲ್ಲ ಅಗ್ಗದ ಟಿಕೆಟ್ಟು ಇದೇ. ಇದಕ್ಕಿಂತ ಕೆಳಗಿನದು ಇಲ್ಲವೇ ಇಲ್ಲ’ ಎಂದೆ. ಮಾತು ಅಕ್ಷರಶಃ ನಿಜ. ಬೇರೆ ಕಂಪನಿಯವರು ದಾರಿಯಲ್ಲಿ ಇಳಿಸಿ ಹತ್ತಿಸಿ ಇದಕ್ಕಿಂತ ಎಷ್ಟೋ ಕಡಿಮೆಗೆ ಕರೆದೊಯ್ಯುತ್ತಾರೆಂಬುದನ್ನು ಮಾತ್ರ ನಾನು ಹೇಳಲಿಲ್ಲ. ‘ಹಾಗಿದ್ದರೆ ಸರಿ’ ಎಂದರು.

ಟ್ಯಾಂಪಿನೀಸಿನಿಂದ ಚಾಂಗಿ ಎಂದರೆ ನಮಗೆ ಪಕ್ಕದ ಬೀದಿ ಇದ್ದ ಹಾಗೆ. ‘27ನೇ ನಂಬರ್ ಬಸ್ಸು ಇದೆಯಲ್ಲ, ಟ್ಯಾಕ್ಸಿ ಯಾಕೆ?’ ಎಂದು ಅಮ್ಮ ಕೊನೆಯ ಗಳಿಗೆಯವರೆಗೂ ವಾದಿಸಿದರು. ಅಲ್ಲಿ ಉಳಿಸಲಾಗದ್ದನ್ನು ಇಲ್ಲಾದರೂ ಉಳಿಸೋಣವೆಂಬ ಲೆಕ್ಕ!

ರಾತ್ರಿ ಹೊರಟೆವು. ಎರಡು, ನಾಲ್ಕು, ಎರಡು ಎಂದು ಸೀಟುಗಳ ಜೋಡಣೆ. ಕಿಟಕಿಯ ಪಕ್ಕದ ಜೋಡಿ ನಮ್ಮದು. ನನ್ನ ಅನುಭವದಲ್ಲಿ ಆರು ಇಂಚಿಗಿಂತ ದೊಡ್ಡ ಉಪಕಾರ ಇದೇ. ಏಳಬೇಕಾದರೆ ಅಮ್ಮ ಎಬ್ಬಿಸಬೇಕಾದ್ದು ಮಗನನ್ನು, ಅಪರಿಚಿತರನ್ನಲ್ಲ. ಸಂಕೋಚವಿಲ್ಲದ್ದರಿಂದ ನೀರು ಕುಡಿದರು. ನೀರು ಕುಡಿದದ್ದರಿಂದ ಎದ್ದರು. ಎದ್ದದ್ದರಿಂದ ನಾಲ್ಕು ಹೆಜ್ಜೆ ನಡೆದರು.

ಈ ನಾಲ್ಕು ಹೆಜ್ಜೆಯ ಬೆಲೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗೂ ಮೀರಿ ಅಲ್ಲಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹೆದರಬೇಕಾಗಿಲ್ಲ, ಆರೋಗ್ಯವಂತರಲ್ಲಿ ಇದು ಸುಮಾರು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಆಗುವಂಥದು. ಆದರೆ ಕಾರಣ ಕುಳಿತ ದರ್ಜೆಯಲ್ಲ, ಅಲ್ಲಾಡದಿರುವುದು. ಬಿಸಿನೆಸ್ ಕ್ಲಾಸಿನಲ್ಲಿ ಕದಲದೆ ಬಿದ್ದುಕೊಂಡವರಿಗೂ, ಬಸ್ಸಿನಲ್ಲಿ, ಕಾರಿನಲ್ಲಿ ಕೂತವರಿಗೂ ಇದೇ ಮಾತು. ಇನ್ನು ಒಳಗಿನ ಗಾಳಿ: ಈ ವಿಮಾನದಲ್ಲಿ ಅದರ ಒತ್ತಡ ಸುಮಾರು 6,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ನಮ್ಮ ಮುಳ್ಳಯ್ಯನಗಿರಿಯ ಎತ್ತರ 6,330 ಅಡಿ. ಎಂದರೆ ಹದಿನೆಂಟು ಗಂಟೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರ ಕೂತ ಹಾಗೆ; ಮಂಜು ಮಾತ್ರ ಇಲ್ಲ, ಗಾಳಿ ಬಲು ಒಣ. ನೀರು ಬಿಟ್ಟವರಿಗೆ ಅದೇ ಶಿಕ್ಷೆ.

ನಡುರಾತ್ರಿ ಎಲ್ಲರೂ ಮಲಗಿದ್ದಾಗ ಅಮ್ಮ ಮೆಲ್ಲಗೆ, ‘ದಂಡವತೆ ಅಂತ ಒಬ್ಬರು ರೈಲ್ವೆ ಮಂತ್ರಿ ಇದ್ದರಲ್ಲ, ನೆನಪಿದೆಯೇನೋ?’ ಎಂದು ಕೇಳಿದರು. ಅಮ್ಮನ ಅಕ್ಕ ಪುಣೆಯಲ್ಲಿದ್ದರು. ಅರಸೀಕೆರೆಯಿಂದ ಮಿರಜಿನವರೆಗೆ ಆಗ ಮೀಟರ್ ಗೇಜಿನ ಗಾಡಿ, ಎರಡನೆಯ ದರ್ಜೆಯಲ್ಲಿ ಬರೀ ಮರದ ಹಲಗೆ. ರಾತ್ರಿಯಿಡೀ ಕೂತರೆ ಮರುದಿನ ಸೊಂಟ ಹಿಡಿಯುತ್ತಿತ್ತು. 1977ರಿಂದ 79ರವರೆಗೆ ಮಂತ್ರಿಯಾಗಿದ್ದ ಮಧು ದಂಡವತೆಯವರು ಎರಡನೆಯ ದರ್ಜೆಯ ಮಲಗುವ ಹಲಗೆಗಳಿಗೆ ಎರಡು ಇಂಚಿನ ಫೋಮ್ ಹಾಕಿಸತೊಡಗಿದರು. ‘ಎರಡೇ ಇಂಚು ಕಣೋ. ಆದರೆ ಬಡವರಿಗೂ ಸೊಂಟ ಇದೆ ಅಂತ ಯಾರಿಗೋ ಹೊಳೆಯಿತಲ್ಲ ಅಂತ ಸಂತೋಷವಾಗಿತ್ತು’ ಎಂದರು. ನಾನು ಆರು ಇಂಚಿನ ಬೆಲೆಯನ್ನು ನೆನೆದು ಸುಮ್ಮನಿದ್ದೆ. ಆ ಎರಡು ಇಂಚಿಗೆ ಯಾರೂ ಹೆಚ್ಚಿಗೆ ಕೊಡಬೇಕಾಗಿರಲಿಲ್ಲ. ಈಗಿನ ಆರು ಇಂಚು ಕೊಡಬಲ್ಲವರಿಗೆ ಮಾತ್ರ. ಆರಂಭದಿಂದಲೂ ಎಲ್ಲ ಸೀಟುಗಳೂ ಮನುಷ್ಯನ ಮೊಣಕಾಲಿನ ಅಳತೆಗೆ ಇದ್ದಿದ್ದರೆ ಈ ‘ಪ್ರೀಮಿಯಂ’ ಎಂಬ ಹೆಸರೇ ಬೇಕಾಗುತ್ತಿರಲಿಲ್ಲ.

ಹೊಗಳಿದ್ದಾಯಿತು, ಕೊರತೆಗಳನ್ನೂ ಹೇಳಬೇಕು. ಇದು ಮಂಚವಲ್ಲ, ಚಪ್ಪಟೆಯಾಗಿ ಮಲಗುವಂತಿಲ್ಲ. ಕೈಯಾನಿಕೆಗಳೊಳಗೆ ಊಟದ ಹಲಗೆ ಇರುವುದರಿಂದ ಅವನ್ನು ಮೇಲೆತ್ತಲಾಗದು. ಪಕ್ಕದ ಸೀಟು ಖಾಲಿಯಿದ್ದರೂ ಒರಗಲಾಗದು. ಮಾಮೂಲಿ ವಿಮಾನದ ಎಕಾನಮಿಯಲ್ಲಿ ಅದೃಷ್ಟವಶಾತ್ ಮೂರು ಸೀಟು ಖಾಲಿ ಸಿಕ್ಕವನು ನಮಗಿಂತ ಸುಖಿ. ಊಟ ಎಕಾನಮಿಗಿಂತ ಒಂದು ಗುಲಗಂಜಿ ಹೆಚ್ಚು, ಅಷ್ಟೆ. ನಾನಂತೂ ಅಮ್ಮ ಕಟ್ಟಿ ತಂದಿದ್ದ ಚಕ್ಕುಲಿ, ಕೋಡುಬಳೆಗಳನ್ನೇ ನೆಚ್ಚಿಕೊಂಡೆ.

ನ್ಯೂವಾರ್ಕಿನಲ್ಲಿ ಇಳಿದಾಗ ಬೆಳಗಿನ ಜಾವ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಸರಿಯಾಗಿ ಹನ್ನೆರಡು ಗಂಟೆಯ ವ್ಯತ್ಯಾಸ. ಅಮ್ಮನ ಕೈಗಡಿಯಾರದ ಮುಳ್ಳು ತಿರುಗಿಸುವ ಪ್ರಮೇಯವೇ ಬರಲಿಲ್ಲ. ಅವರು ಬಗ್ಗಿ ಸೀಟಿನ ಕೆಳಗಿಂದ ಚಪ್ಪಲಿ ತೆಗೆದು ಮೆಟ್ಟಿದರು. ಪಾದ ಸ್ವಲ್ಪ ಬಿಗಿಯಾಗಿತ್ತು, ಆದರೆ ಹಿಡಿಸಿತು. ಅವರು ನನ್ನ ಮುಖ ನೋಡಲಿಲ್ಲ. ನಾನೂ ಏನೂ ಹೇಳಲಿಲ್ಲ.

ಗುಟ್ಟು ಮೂರೇ ದಿನದಲ್ಲಿ ರಟ್ಟಾಯಿತು. ಅಲ್ಲಿ ಮನೆಗೆ ಬಂದ ಗೆಳೆಯರೊಬ್ಬರು ತಮ್ಮ ತಾಯಿಯನ್ನು ಎಷ್ಟು ಕಡಿಮೆಗೆ ಕರೆಸಿಕೊಂಡೆವೆಂದು ಹೇಳುತ್ತಿದ್ದರು. ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅವರು ಹೋದ ಮೇಲೆ, ‘ಆರು ಇಂಚಿಗೆ ಅಷ್ಟು ಕೊಟ್ಟೆಯಾ? ನನಗೆ ಸುಳ್ಳು ಬೇರೆ ಹೇಳಿದೆ’ ಎಂದರು. ‘ಸುಳ್ಳಲ್ಲಮ್ಮಾ, ಆ ವಿಮಾನದಲ್ಲಿ...’ ಎಂದು ತೊಡಗಿದೆ. ‘ಗೊತ್ತು ಸುಮ್ಮನಿರೋ. ಕಾಲುಚೀಲದ ವಿಷಯ ನಾನೂ ಹೇಳಿರಲಿಲ್ಲವಲ್ಲ’ ಎಂದು ಮಗುವನ್ನೆತ್ತಿಕೊಂಡು ಒಳಗೆ ಹೋದರು.

ಸದಸ್ಯ ಬಂಧುಗಳಿಗೆ ಕೊನೆಯದಾಗಿ ಕೆಲವು ಸೂಚನೆಗಳು. ಇಲ್ಲಿಂದ ಬೆಂಗಳೂರಿಗೆ ನಾಲ್ಕೂವರೆ ಗಂಟೆಯ ದಾರಿ. ಅದಕ್ಕೆ ಈ ಖರ್ಚು ಬೇಕಿಲ್ಲ. ಹತ್ತು ಗಂಟೆ ಮೀರಿದ ಪ್ರಯಾಣಕ್ಕೆ, ಅದರಲ್ಲೂ ವಯಸ್ಸಾದವರಿಗೆ, ಯೋಚಿಸಬೇಕಾದ್ದು. ಹಣ ಒದಗದಿದ್ದರೆ ಎಕಾನಮಿಯಲ್ಲೇ ನಡುದಾರಿಗೆ ಹೊಂದಿದ ಸೀಟನ್ನು ಮೊದಲೇ ಕಾದಿರಿಸಿ. ಅರ್ಧ ಪ್ರಯೋಜನ ಅದರಲ್ಲೇ ಸಿಗುತ್ತದೆ. ಸಸ್ಯಾಹಾರವನ್ನೂ ಗಾಲಿಕುರ್ಚಿಯನ್ನೂ ಎರಡು ದಿನ ಮೊದಲೇ ಹೇಳಿಡಿ. ಗಾಲಿಕುರ್ಚಿ ಕೇಳಲು ನಾಚಿಕೆ ಬೇಡ. ಕಾಲು ಊದುವವರು, ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ‘ಗಂಟೆಗೊಮ್ಮೆ ನೀರು ಕುಡಿ, ಪಕ್ಕದವರನ್ನು ಎಬ್ಬಿಸು, ಅವರೇನೂ ಅಂದುಕೊಳ್ಳುವುದಿಲ್ಲ’ ಎಂದು ಅಪ್ಪ ಅಮ್ಮನಿಗೆ ಬಾಯಿಬಿಟ್ಟು ಹೇಳಿ ಕಳಿಸಿ.

ಟಿಕೆಟ್ಟು ಕೊಳ್ಳುವ ಮೊದಲು ಮನೆಯ ಎರಡು ಕುರ್ಚಿಗಳನ್ನು ಒಂದರ ಹಿಂದೊಂದು ಹಾಕಿ 32 ಇಂಚು ಅಳೆದು, ಅವರನ್ನು ಕೂರಿಸುವ ಮುಂಚೆ ನೀವೇ ಒಂದು ಗಂಟೆ ಕೂತು ನೋಡಿ. ಆಮೇಲೆ ನಿಮ್ಮ ಲೆಕ್ಕ ನಿಮ್ಮದು. ಇಂಥ ಪ್ರಯಾಣದ ಅನುಭವವಿರುವ ಬೇರೆ ಸದಸ್ಯರೂ ಮುಂದಿನ ಸಂಚಿಕೆಗೆ ಬರೆದು ತಿಳಿಸಿದರೆ ಎಲ್ಲರಿಗೂ ಉಪಕಾರವಾಗುತ್ತದೆ.