ಕಿಲ್ಲೇದಾರ ಬಹದ್ದೂರ್ ಖಾನ್: ಚರಿತ್ರೆ ಮತ್ತು ಜನಸ್ಮೃತಿ

ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯು ಕೋಲಾರ, ಹೊಸಕೋಟೆಗಳ ಮೂಲಕ, ಎಂದರೆ ಇಂದಿನ ವೈಟ್‌ಫೀಲ್ಡಿನ ದಿಕ್ಕಿನಿಂದ, ಬೆಂಗಳೂರನ್ನು ತಲುಪಿತು. 1791ರ ಮಾರ್ಚ್ 7ರಂದು ಪೇಟೆಯು ವಶವಾದರೂ ಕೋಟೆಯು ಎರಡು ವಾರ ಪ್ರತಿರೋಧಿಸಿತು. ಮಾರ್ಚ್ 21ರ ರಾತ್ರಿ ಶತ್ರುಗಳು ಒಡೆದ ಗೋಡೆಯ ಮೂಲಕ ನುಗ್ಗಿದಾಗ, ಟಿಪ್ಪುವಿನ ವಯೋವೃದ್ಧ ಕಿಲ್ಲೇದಾರ ಬಹದ್ದೂರ್ ಖಾನನು ಹೋರಾಡುತ್ತಲೇ ಮಡಿದನು. ಕಾರ್ನ್‌ವಾಲಿಸನು ಶವವನ್ನು ಒಪ್ಪಿಸಲು ಮುಂದಾದಾಗ, ಬಿದ್ದ ನೆಲದಲ್ಲಿಯೇ ಸಮಾಧಿಯಾಗುವುದು ಆತನಿಗೆ ಸಲ್ಲುವ ಗೌರವವೆಂದು ಟಿಪ್ಪು ತಿಳಿಸಿದನು.

ಕೃಷ್ಣರಾಜ ಮಾರುಕಟ್ಟೆಯ ಸಮೀಪದ ದರ್ಗಾ ಆತನದೆಂಬ ಪ್ರತೀತಿಯಿದೆ. ದಾಳಿಯಲ್ಲಿ ಮಡಿದ ಇಂಗ್ಲಿಷರ ಸ್ಮಾರಕಸ್ತಂಭವು 1964ರಲ್ಲಿ ತೆರವಾಯಿತು; ಕಿಲ್ಲೇದಾರನಾದರೋ ಜನಮನದಲ್ಲಿ ‘ಶಹೀದ’ನಾಗಿ ಉಳಿದನು. ಮಡಿದ ವೀರನನ್ನು ಪೂಜ್ಯನನ್ನಾಗಿಸುವ ಈ ಪರಂಪರೆ ಇಲ್ಲಿ ಹೊಸದಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಬೆಂಗಳೂರು ಕಾಳಗವನ್ನು ಹೆಸರಿಸುವ, ಸುಮಾರು 890ರ ವೀರಗಲ್ಲು ಅದಕ್ಕೆ ಸಾಕ್ಷಿಯಾಗಿದೆ.