ಕಲ್ಲಿನ ಧೂಳು ಜೀವಕೋಶವನ್ನು ಹೊಕ್ಕಾಗ: ಉದ್ಯಮಿಗಳು ಅರಿಯಬೇಕಾದ ಸಂಗತಿ

ಕಲ್ಲು ಪುಡಿಮಾಡುವ ಘಟಕವೊಂದರ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ 'ಸುರಕ್ಷತಾ ವೆಚ್ಚ' ಎಂಬ ಶೀರ್ಷಿಕೆಯಡಿ ನನಗೆ ಕಂಡದ್ದು ಬಟ್ಟೆಯ ಮುಖಗವಸುಗಳ ಬಿಲ್ಲು ಮಾತ್ರ. ಅಲ್ಲಿ ಹನ್ನೆರಡು ವರ್ಷ ದುಡಿದ ಕಾರ್ಮಿಕರೊಬ್ಬರು ಉಸಿರಾಟದ ತೊಂದರೆಯಿಂದ ಕೆಲಸ ಬಿಟ್ಟಿದ್ದರು. ಈ ಎರಡಕ್ಕೂ ಇರುವ ಸಂಬಂಧವನ್ನು ಅರಿಯಲು ವೈದ್ಯಮಿತ್ರರ ನೆರವಿನಿಂದ ತಿಳಿದುಕೊಂಡ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ. ಕಲ್ಲು, ಗಾಜು, ಪಿಂಗಾಣಿ ಹಾಗೂ ಎರಕದ ಉದ್ಯಮದಲ್ಲಿರುವವರಿಗೆ ಇದು ನೇರವಾಗಿ ಸಂಬಂಧಿಸಿದುದು.

ಗಾತ್ರವೇ ನಿರ್ಣಾಯಕ

ಕಣ್ಣಿಗೆ ಕಾಣುವ ಧೂಳು ಹೆಚ್ಚು ಅಪಾಯಕಾರಿಯಲ್ಲ. 10 ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಮಟ್ಟಿಗೆ ಮೂಗು, ಗಂಟಲುಗಳಲ್ಲೇ ತಡೆಯಲ್ಪಡುತ್ತವೆ. ಸುಮಾರು 5 ಮೈಕ್ರಾನಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯಬಲ್ಲವು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಇವು ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ.

ಕೋಶದೊಳಗೆ ನಡೆಯುವುದೇನು?

ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನ ಅಣುಗಳ ಎರಡು ಪದರಗಳಿಂದಾದ ತೆಳು ಪೊರೆಯಿದೆ. ಅದರ ದಪ್ಪ ತಲೆಗೂದಲಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಗಾಳಿಗೂಡಿನಲ್ಲಿ ಕಾವಲಿರುವ ಭಕ್ಷಕ ಕೋಶವು ಹೊರಗಿನ ಕಣವನ್ನು ಕಂಡೊಡನೆ ತನ್ನ ಪೊರೆಯನ್ನು ಚಾಚಿ, ಸುತ್ತಲೂ ಆವರಿಸಿ, ಚೀಲದಂತೆ ಒಳಗೆಳೆದುಕೊಳ್ಳುತ್ತದೆ. ಬಳಿಕ ಜೀರ್ಣಕಾರಕ ಕಿಣ್ವಗಳಿರುವ ಮತ್ತೊಂದು ಚೀಲವು ಅದರೊಡನೆ ಬೆರೆಯುತ್ತದೆ. ರೋಗಾಣುವಾದರೆ ಇಲ್ಲಿಗೆ ನಾಶವಾಗುತ್ತದೆ.

ಸಿಲಿಕಾ ಕಣ ಜೀರ್ಣವಾಗುವುದಿಲ್ಲ. ಅದರ ಮೇಲ್ಮೈಯಲ್ಲಿರುವ ಸಿಲನಾಲ್ ಎಂಬ ರಾಸಾಯನಿಕ ಗುಂಪುಗಳು ಚೀಲದ ಪೊರೆಗೆ ಅಂಟಿಕೊಂಡು ಅದನ್ನು ಹರಿಯುತ್ತವೆ. ಕಿಣ್ವಗಳು ಸೋರಿ ಕೋಶವು ಸಾಯುತ್ತದೆ. ಉರಿಯೂತದ ಸಂಕೇತಗಳು ಸುತ್ತಲೂ ಹರಡುತ್ತವೆ. ಬಿಡುಗಡೆಯಾದ ಅದೇ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ಎಂದೂ ವಜಾ ಹಾಕಲಾಗದೆ ವರ್ಷದಿಂದ ವರ್ಷಕ್ಕೆ ಮುಂದೊಯ್ಯುವ ಬಾಕಿ. ಕಾಲಕ್ರಮೇಣ ಮೃದುವಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಆಗತಾನೆ ಒಡೆದ ಕಲ್ಲಿನ ಧೂಳು ಹಳೆಯ ಧೂಳಿಗಿಂತ ಹೆಚ್ಚು ಹಾನಿಕರವೆಂಬುದು ಕ್ರಷರ್ ಮಾಲೀಕರು ಗಮನಿಸಬೇಕಾದ ಅಂಶ.

ಈ ರೋಗ ನಮ್ಮ ನಾಡಿಗೆ ಹೊಸತಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ. 1997ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಉದ್ಯಮಗಳಲ್ಲಿ ಉಸಿರಿನೊಡನೆ ಸೇರುವ ಸ್ಫಟಿಕ ಸಿಲಿಕಾವನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.

ಮಾಲೀಕರ ಹೊಣೆ

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿಯೂ ಪರಿಹಾರಕ್ಕೆ ಅರ್ಹವಾದ ವೃತ್ತಿರೋಗವಾಗಿಯೂ ಮುಂದುವರಿದಿದೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಇದೇ ಅನುಕ್ರಮದಲ್ಲಿ ಕೈಗೊಳ್ಳುವುದು ಉಚಿತ:

1. ಒಡೆಯುವ, ಕೊರೆಯುವ ಸ್ಥಳದಲ್ಲೇ ನೀರು ಸಿಂಪಡಿಸಿ ಧೂಳೇಳದಂತೆ ತಡೆಯುವುದು.
2. ಯಂತ್ರಗಳಿಗೆ ಮುಚ್ಚಳಿಕೆ ಹಾಗೂ ಧೂಳು ಹೀರುವ ವ್ಯವಸ್ಥೆ ಅಳವಡಿಸುವುದು.
3. ಒಣ ಪೊರಕೆಯಿಂದ ಗುಡಿಸುವುದನ್ನು ನಿಲ್ಲಿಸುವುದು.
4. ಕಾರ್ಮಿಕರಿಗೆ ನಿಯತವಾಗಿ ಎಕ್ಸ್-ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಿ ದಾಖಲೆ ಇಡುವುದು.
5. ಇಷ್ಟಾದ ಮೇಲೂ ಉಳಿಯುವ ಧೂಳಿಗೆ ಮುಖಕ್ಕೆ ಸರಿಯಾಗಿ ಹೊಂದುವ ಎನ್-95 ದರ್ಜೆಯ ಮುಖಗವಸು ಒದಗಿಸುವುದು. ಕರವಸ್ತ್ರ ಇದಕ್ಕೆ ಪರ್ಯಾಯವಲ್ಲ.

ಮೇಲೆ ಹೇಳಿದ ಘಟಕದ ಮಾಲೀಕರು ಈಗ ನೀರು ಸಿಂಪಡಿಸುವ ವ್ಯವಸ್ಥೆ ಅಳವಡಿಸಿದ್ದಾರೆ. ಆದರೆ ಕೆಲಸ ಬಿಟ್ಟುಹೋದ ಆ ಕಾರ್ಮಿಕರ ಎದೆಯೊಳಗೆ ಸೇರಿದ ಧೂಳನ್ನು ತೆಗೆಯಲು ಯಾವ ವೆಚ್ಚದಿಂದಲೂ ಸಾಧ್ಯವಿಲ್ಲ. ಇನ್ನುಳಿದವರ ವಿಷಯದಲ್ಲಿ ಕಾಲ ಮಿಂಚಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕಾಗಿ ವಿನಂತಿ.